ಮೊದಲ ವಾರದ ಪಟ್ಟಿ: ಕೃಷ್ಣಾ–ಮಲಪ್ರಭಾ ತೀರದ ನೆರೆ ಪರಿಹಾರದಲ್ಲಿ ಗೋಡೆ, ಒಲೆ ಮತ್ತು ದನ

ನೆರೆ ಇಳಿದ ಊರಿಗೆ ಸರ್ಕಾರ ಮೊದಲು ಬರುವುದು ಪಟ್ಟಿ ಬರೆಯಲು. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ, ಇಲ್ಲಿನ ಜನರ ಬಾಯಲ್ಲಿ ಈಗಲೂ ತಲಾಟಿ), ಪಿಡಿಒ, ಎಂಜಿನಿಯರ್ ಸೇರಿ ಯಾರ ಮನೆಗೆ ನೀರು ಹೊಕ್ಕಿತು, ಯಾವ ಗೋಡೆ ಬಿತ್ತು ಎಂಬುದನ್ನು ಕೆಲವೇ ದಿನಗಳಲ್ಲಿ ದಾಖಲಿಸುತ್ತಾರೆ. ನೆರೆ ಪರಿಹಾರದ ಚರ್ಚೆ ಸಾಮಾನ್ಯವಾಗಿ ಹಣ ಎಷ್ಟು ಬಂತು, ಎಷ್ಟು ತಡವಾಯಿತು ಎಂಬಲ್ಲೇ ನಿಲ್ಲುತ್ತದೆ. ಉತ್ತರ ಕರ್ನಾಟಕದ 2009 ಮತ್ತು 2019ರ ನೆರೆಗಳನ್ನು ಒಟ್ಟಿಗಿಟ್ಟು ನೋಡಿದರೆ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದು ಏಳುತ್ತದೆ. ತುರ್ತಿನಲ್ಲಿ ಬರೆದ ಆ ಪಟ್ಟಿಯೇ ವರ್ಷಗಟ್ಟಲೆ ನಡೆಯುವ ಪುನರ್ವಸತಿಗೂ ಆಧಾರವಾಗುತ್ತದೆ. ಅದು ಗೋಡೆಗಳನ್ನು ಎಣಿಸುತ್ತದೆ. ಒಳಗೆ ಎಷ್ಟು ಒಲೆ ಉರಿಯುತ್ತಿದ್ದವು ಎಂದು ಕೇಳುವುದಿಲ್ಲ.

ಎರಡು ನದಿಗಳ ಸ್ವಭಾವವೇ ಬೇರೆ. ಚಿಕ್ಕೋಡಿ, ಅಥಣಿ, ಜಮಖಂಡಿ ಸೀಮೆಯಲ್ಲಿ ಕೃಷ್ಣೆ ಮೆಲ್ಲಗೆ ಏರುತ್ತಾಳೆ. ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರು, ರಾಜಾಪುರ ಬ್ಯಾರೇಜ್ ದಾಟಿತು ಎಂಬ ಸುದ್ದಿ ಮೊದಲೇ ತಲುಪುವುದರಿಂದ ಸಾಮಾನು ಸಾಗಿಸಲು ಒಂದಿಷ್ಟು ಸಮಯ ಸಿಗುತ್ತದೆ. ಆದರೆ ಬಂದ ನೀರು ದಿನಗಟ್ಟಲೆ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಮಲಪ್ರಭೆಯ ಕಥೆ ಹಾಗಲ್ಲ. ಕಣಕುಂಬಿಯಲ್ಲಿ ಹುಟ್ಟುವ ಈ ನದಿಯ ಪಾತ್ರ, ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಹೂಳು, ಒತ್ತುವರಿ, ಮುಳ್ಳುಕಂಟಿಗಳಿಂದ ಕಿರಿದಾಗುತ್ತ ಹೋಗಿದೆ. ಜಲಾಶಯ ತುಂಬಿ ಗೇಟು ಎತ್ತಿದಾಗ ರಾಮದುರ್ಗ, ಕೊಣ್ಣೂರು, ಗೋವನಕೊಪ್ಪ, ಹೊಳೆಆಲೂರಿನ ಜನ ಉಟ್ಟ ಬಟ್ಟೆಯಲ್ಲೇ ಓಡಬೇಕಾಗುತ್ತದೆ. ಅಣೆಕಟ್ಟಿನ ಹಂಗೇ ಇಲ್ಲದ ಬೆಣ್ಣೆಹಳ್ಳವೂ ಕೆಳಗೆ ಬಂದು ಸೇರಿಕೊಳ್ಳುತ್ತದೆ.

ಈ ಎರಡಕ್ಕೂ ನಿಯಮ ಒಂದೇ. 2015–20ರ ಅವಧಿಯ ವಿಪತ್ತು ಪರಿಹಾರ ನಿಧಿಯ ಮಾನದಂಡದ ಪ್ರಕಾರ ಬಟ್ಟೆಬರೆಗೆ 1,800, ಪಾತ್ರೆಪಗಡಕ್ಕೆ 2,000, ಒಟ್ಟು 3,800 ರೂಪಾಯಿ ಇತ್ತು. ಇದು ಸಿಗಬೇಕಾದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಹಾಳಾಗಿರಬೇಕು ಅಥವಾ 2 ದಿನಕ್ಕಿಂತ ಹೆಚ್ಚು ಜಲಾವೃತವಾಗಿರಬೇಕು. ಒಂದೇ ರಾತ್ರಿಯಲ್ಲಿ ಬಂದು ಹೋಗುವ ಮಲಪ್ರಭೆಯ ನೀರು ಈ ಲೆಕ್ಕಕ್ಕೆ ಸಿಗುವುದಿಲ್ಲ, ಕೆಸರು ಮೆತ್ತಿದ ಜೋಳದ ಚೀಲ ಮಾತ್ರ ಎರಡೂ ಕಡೆ ಒಂದೇ ಥರ ಮೊಳಕೆಯೊಡೆಯುತ್ತದೆ. ರಾಜ್ಯ ಸರ್ಕಾರ 2019ರಲ್ಲಿ ತನ್ನ ಪಾಲು ಸೇರಿಸಿ ಈ ಮೊತ್ತವನ್ನು 10,000 ರೂಪಾಯಿಗೆ ಏರಿಸಿತು. ಆ ವರ್ಷದ ಕ್ರಮಗಳಲ್ಲಿ ನನ್ನ ದೃಷ್ಟಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಮನೆಗೆ ನೀರು ಹೊಕ್ಕವರಿಗೆ, ಗೋಡೆ ಎಷ್ಟು ಬಿದ್ದಿದೆ ಎಂದು ಅಳೆಯದೆ ಕೊಟ್ಟ ಹಣ ಇದು.

ಅಳತೆಯ ತೊಡಕು ಮನೆಯ ವಿಷಯದಲ್ಲಿ ಎದ್ದು ಕಾಣುತ್ತದೆ. 2019ರಲ್ಲಿ ಶೇ 75ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ 'ಎ' ವರ್ಗ, 5 ಲಕ್ಷ ರೂಪಾಯಿ. ಶೇ 25ರಿಂದ 75ರವರೆಗೆ 'ಬಿ'. ಅದಕ್ಕೂ ಕಡಿಮೆಯಾಗಿದ್ದರೆ 'ಸಿ', 50,000. ಮೊದಲು 1 ಲಕ್ಷವಿದ್ದ 'ಬಿ' ವರ್ಗದ ನೆರವನ್ನು ದುರಸ್ತಿಗೆ 3 ಲಕ್ಷ, ಕೆಡವಿ ಕಟ್ಟುವುದಾದರೆ 5 ಲಕ್ಷ ಎಂದು ಆಮೇಲೆ ಹೆಚ್ಚಿಸಬೇಕಾಯಿತು. ಆ ತಿದ್ದುಪಡಿಯೇ ಮೊದಲ ಅಳತೆಯ ದೌರ್ಬಲ್ಯಕ್ಕೆ ಸಾಕ್ಷಿ. ಈ ಭಾಗದ ಹಳೆಯ ಮನೆಗಳೆಂದರೆ ಕಲ್ಲು–ಮಣ್ಣಿನ ದಪ್ಪ ಗೋಡೆ, ಮರದ ಕಂಬ, ಜಂತೆ, ಮೇಲೆ ಮಣ್ಣಿನ ಮೇಲ್ಮುದ್ದೆ. ನೀರು ನಿಂತಿರುವಷ್ಟು ಹೊತ್ತು ಗೋಡೆಯ ಎರಡೂ ಬದಿಗೆ ಸಮ ಒತ್ತಡವಿರುತ್ತದೆ. ಹೊರಗಿನ ನೀರು ಇಳಿದಾಗ ನೆನೆದು ಭಾರವಾದ ಗೋಡೆಗೆ ಆ ಆಸರೆ ತಪ್ಪುತ್ತದೆ. ಬುಡ ಮೆತ್ತಗಾಗಿರುತ್ತದೆ, ಅಡಿಪಾಯದ ಎರೆಮಣ್ಣು ಒಣಗುತ್ತ ಕುಗ್ಗುತ್ತದೆ, ಬಿಸಿಲು ಬಿದ್ದಂತೆ ಬಿರುಕು ಬಾಯಿ ಬಿಡುತ್ತದೆ. ಹೀಗಾಗಿ ಸಮೀಕ್ಷೆಯ ದಿನ 'ಸಿ' ಎಂದು ಬರೆಸಿಕೊಂಡ ಮನೆ ವಾರ ಕಳೆಯುವುದರೊಳಗೆ 'ಎ' ಆಗಿ ಮಲಗಿರಬಹುದು. ನೀರಿಳಿದ ಮೇಲೂ ಹಾನಿ ನಡೆಯುತ್ತಲೇ ಇರುತ್ತದೆ ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಇನ್ನು ಕುಟುಂಬ. ಪಂಚಾಯಿತಿ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರು, ಮನೆಯಲ್ಲಿ ಮೂವರು ಮಕ್ಕಳ ಸಂಸಾರ, ಮೂರು ಒಲೆ: ಇದು ಇಲ್ಲಿನ ಅಪವಾದವಲ್ಲ, ವಾಡಿಕೆ. ಮನೆ ಒಂದೇ ಆದ್ದರಿಂದ ಪರಿಹಾರವೂ ಒಂದೇ. ಯಾರ ಖಾತೆಗೆ ಹಣ ಬರಬೇಕೆಂಬ ಜಗಳ, ಅದುವರೆಗೆ ಮಾತಿನಲ್ಲೇ ಉಳಿದಿದ್ದ ಪಾಲನ್ನು ಕಾಗದಕ್ಕೆ ಇಳಿಸುತ್ತದೆ. ಬಾಡಿಗೆಗಿದ್ದವರ ಸಾಮಾನೂ ಅದೇ ನೀರಿನಲ್ಲಿ ಹೋಯಿತು, ಆದರೆ ಮನೆ ಪರಿಹಾರದ ಪಟ್ಟಿಯಲ್ಲಿ ಅವರಿಲ್ಲ.

ಸಮಾಜ ಕೊಟ್ಟ ನೆರವು ಒಂದು ವಿಷಯದಲ್ಲಿ ಹೆಚ್ಚು ಅರಿತು ಕೊಟ್ಟದ್ದಾಗಿತ್ತು. ಒಲೆಯೇ ನೀರಲ್ಲಿರುವಾಗ ಅಕ್ಕಿ–ಬೇಳೆಯ ಕಿಟ್ ಏನು ಮಾಡೀತು? 2019ರಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಣ್ಣುಮಕ್ಕಳು ಕೂಡಿ ಜೋಳದ ರೊಟ್ಟಿ ಬಡಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ವಾಹನಗಳಲ್ಲಿ ಹೊರಟವು. ಕಟಕ ರೊಟ್ಟಿಗೆ ಬೆಂಕಿ ಬೇಡ, ಅದು ವಾರಗಟ್ಟಲೆ ಕೆಡುವುದಿಲ್ಲ, ತಿನ್ನುವವರ ಬಾಯಿಗೆ ಹೊಸದೂ ಅಲ್ಲ. (ದಾನವಾಗಿ ಬಂದ ಹಳೆ ಬಟ್ಟೆಯ ರಾಶಿಯ ಬಗ್ಗೆ ಈ ಮಾತು ಹೇಳಲಾಗದು. ಬಳಸಿ ಬಿಟ್ಟದ್ದನ್ನು ಉಡಲು ಸಂತ್ರಸ್ತರಾದ ಮಾತ್ರಕ್ಕೆ ಯಾರೂ ಸಿದ್ಧರಿರುವುದಿಲ್ಲ.)

ಸಂತ್ರಸ್ತರಿಗೆ ತಾತ್ಕಾಲಿಕ ಆಸರೆ ಕೊಡುವ ಕಾಳಜಿ ಕೇಂದ್ರಗಳಿಗೆ ಕಾನೂನಿನ ಬೆಂಬಲವಿದೆ. ವಿಪತ್ತು ನಿರ್ವಹಣಾ ಕಾಯ್ದೆ, 2005ರ 12ನೇ ಕಲಂ ಕನಿಷ್ಠ ಪರಿಹಾರ ಮಟ್ಟದ ಮಾರ್ಗಸೂಚಿಯನ್ನು ಶಿಫಾರಸು ಮಾಡುವ ಹೊಣೆಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ವಹಿಸಿದೆ. ವಿಧವೆಯರು ಮತ್ತು ಅನಾಥರಿಗೆ ವಿಶೇಷ ಏರ್ಪಾಡು ಇರಬೇಕೆಂದೂ ಹೇಳಿದೆ. ಅದರಂತೆ ಬಂದ ಮಾರ್ಗಸೂಚಿ ತಲೆಗೆ 3.5 ಚದರ ಮೀಟರ್ ಜಾಗ, 30 ಜನಕ್ಕೊಂದು ಶೌಚಾಲಯ ಎನ್ನುತ್ತದೆ. ಊರ ಶಾಲೆಯ ಎರಡು ಕೋಣೆಗಳಲ್ಲಿ ಇದು ಹೇಗೆ ಸಾಧ್ಯವೆಂಬ ಪ್ರಶ್ನೆ ಒಂದು ಕಡೆ ಇರಲಿ. ಜನ ಕೇಂದ್ರ ಬಿಟ್ಟು ನೀರಿನಂಚಿಗೆ ಮರಳುವುದು ಬಹುಪಾಲು ದನಗಳಿಗಾಗಿ. ಮೇವಿಗೆ 2015–20ರ ಮಾನದಂಡದಲ್ಲಿ ದೊಡ್ಡ ಜಾನುವಾರಿಗೆ ದಿನಕ್ಕೆ 70 ರೂಪಾಯಿ ಇತ್ತು. ಆದರೆ ಮನುಷ್ಯರು ಒಂದು ಕಡೆ, ದನ ಇನ್ನೊಂದು ಕಡೆ ಎಂದಾದರೆ, ಬೆಳಗಿನ ಹಾಲು ಕರೆಯುವ ಹೊತ್ತಿಗೆ ಹೆಂಗಸರು ದನವಿದ್ದಲ್ಲಿಗೆ ನಡೆಯಲೇಬೇಕು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯ ನಂತರ 'ಆಸರೆ' ಯೋಜನೆಯಡಿ ಕಟ್ಟಿದ ನವಗ್ರಾಮಗಳಲ್ಲಿ ಒಲೆ ಮತ್ತು ದನವನ್ನು ಲೆಕ್ಕಕ್ಕೆ ಹಿಡಿಯದ ಇದೇ ತಪ್ಪು ಸಿಮೆಂಟಿನಲ್ಲಿ ಗಟ್ಟಿಯಾಯಿತು. ದಾನಿಗಳ ಕೈಜೋಡಣೆಯಿಂದ ಮನೆಗಳು ಎದ್ದವು ನಿಜ. ಆದರೆ ಗೋದಲಿಗೆ ಜಾಗವಿಲ್ಲ, ಬಣವಿ ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ಮೂರು ಒಲೆಗೆ ಒಂದೇ ಮನೆ. ಹಲವೆಡೆ ಹಕ್ಕುಪತ್ರವೂ ತಡ. ಎಷ್ಟೋ ಆಸರೆ ಮನೆಗಳು ಖಾಲಿ ಉಳಿದವು, ಜನ ಹಳೆ ಊರಿನಲ್ಲೇ ಉಳಿದರು, 2019ರಲ್ಲಿ ಅಲ್ಲೇ ಮುಳುಗಿದರು. 'ಮನೆ ಕೊಟ್ಟರೂ ಹೋಗಲಿಲ್ಲ' ಎಂಬ ದೂರು ಕಚೇರಿಗಳಲ್ಲಿ ಸುಲಭವಾಗಿ ಕೇಳಸಿಗುತ್ತದೆ. ಆ ಮನೆ ಯಾವ ಲೆಕ್ಕದ ಮೇಲೆ ಕಟ್ಟಿದ್ದು ಎಂದು ಕೇಳಿದವರು ಕಡಿಮೆ.

ಈ ಲೆಕ್ಕವನ್ನು ಸರಿಪಡಿಸಲು ಸಮೀಕ್ಷೆಯನ್ನು ಎರಡು ಸಲ ಮಾಡಬಹುದು: ನೀರಿಳಿದ ಕೂಡಲೇ ಒಮ್ಮೆ, ಗೋಡೆ ಒಣಗಿದ ಮೇಲೆ ಇನ್ನೊಮ್ಮೆ. ತಕ್ಷಣದ ನಗದಿಗೆ ಮನೆ ನಂಬರಿನ ಬದಲು ಪಡಿತರ ಚೀಟಿಯನ್ನು ಆಧಾರ ಮಾಡಬಹುದು. ಬೇರೆಯಾದ ಅಣ್ಣತಮ್ಮಂದಿರ ಚೀಟಿ ಅನೇಕ ಕಡೆ ಆಗಲೇ ಬೇರೆಯಾಗಿರುತ್ತದೆ. ಬಾಡಿಗೆದಾರನ ಬಳಿಯೂ ಸಾಮಾನ್ಯವಾಗಿ ಚೀಟಿ ಇರುತ್ತದೆ. ಬೇರೆ ಚೀಟಿ ಇಲ್ಲದ ಒಲೆಗಳನ್ನು ಮಳೆಗಾಲಕ್ಕೆ ಮುಂಚೆಯೇ, ಮೇ ತಿಂಗಳಲ್ಲಿ, ಗ್ರಾಮಸಭೆಯ ಎದುರು ಓದಿ ಹೇಳಿ ಬರೆದಿಡುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮುಳುಗುವ ಊರು ಯಾವುವೆಂಬುದು ತಹಶೀಲ್ದಾರ್ ಕಚೇರಿಯಲ್ಲಿ ಎಲ್ಲರಿಗೂ ಗೊತ್ತೇ ಇದೆ.