ಒಂದು ಲೋಟ ಹಾಲಿಗೆ ಒಂದು ಹಸು: ವೆಬ್ ಪುಟ ದಪ್ಪಗಾದ ಕಥೆ



ಈ ಸಂಚಿಕೆ ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿ ಮೇಲೆ. ಕಳೆದ ವರ್ಷ ನನ್ನ ತಂಗಿ ಒಂದು ಅರ್ಜಿ ತುಂಬಬೇಕಿತ್ತು, ಅವತ್ತೇ ಕೊನೇ ದಿನ. ಅದರಲ್ಲಿ ಕೇಳಿದ್ದು ಹೆಸರು, ವಿಳಾಸ, ಅಂಕ, ಬ್ಯಾಂಕ್ ಖಾತೆ ನಂಬರ್, ಅಷ್ಟೇ. ಆದ್ರೆ ಫೋನಿನಲ್ಲಿ ದಿನದ ಡೇಟಾ ಮುಗಿದಿತ್ತು. ಪರದೆ ಮೇಲೆ ಚಕ್ರ ತಿರುಗ್ತಾನೇ ಇತ್ತು, ಪುಟ ಬರಲೇ ಇಲ್ಲ. ಕೊನೆಗೆ ಮಧ್ಯಾಹ್ನದ ಬಸ್ ಹತ್ತಿ, ಪೇಟೆಯ ಸೈಬರ್ ಸೆಂಟರಿಗೆ ಹೋಗಿ ತುಂಬಿ ಬಂದ್ಲು. ಬಂದವಳು ಕೇಳಿದ್ದು ಒಂದೇ ಮಾತು: "ಅಣ್ಣಾ, ನಾಲ್ಕು ಸಾಲು ಬರೆಯೋಕೆ ಇಷ್ಟೆಲ್ಲ ಯಾಕೆ ಬೇಕು?"

ನಾನು ಬಿಕಾಂ ಓದಿದವನು. ಕೋಡಿಂಗ್ ಬರಲ್ಲ, ಲೆಕ್ಕ ಬರುತ್ತೆ. ಹಾಗಾಗಿ ವೆಬ್‌ನ ಇತಿಹಾಸವನ್ನು ಇವತ್ತು ಖರ್ಚಿನ ಪುಸ್ತಕದ ಥರ ತೆಗೆದು ನೋಡೋಣ.

ಮೊದಲ ಪುಟ 1991. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಆ ವರ್ಷ ಆಗಸ್ಟ್‌ನಲ್ಲಿ ವೆಬ್ ಅನ್ನು ಹೊರಗಿನವರಿಗೆ ಪರಿಚಯಿಸಿದರು. ಅಲ್ಲಿನ ಮೊದಲ ಪುಟದಲ್ಲಿ ಇದ್ದಿದ್ದು ಅಕ್ಷರ ಮತ್ತು ಲಿಂಕ್ ಮಾತ್ರ. ತೂಕ ಸುಮಾರು 2 ಕೆಬಿ. ಅಕ್ಷರದ ನಡುವೆಯೇ ಚಿತ್ರ ತೋರಿಸುವ ಮೊಸಾಯಿಕ್ ಬ್ರೌಸರ್ 1993ರಲ್ಲಿ ಬಂದು ಜನಪ್ರಿಯವಾಯ್ತು. ಪುಟ ದಪ್ಪಗಾಗೋಕೆ ಶುರುವಾಗಿದ್ದು ಅಲ್ಲಿಂದ.

ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಟೆಲಿಫೋನ್ ತಂತಿ ಮೇಲೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದ್ರೆ ಸೆಕೆಂಡಿಗೆ 1.2 ಕೆಬಿ. ಆಗ ಎರಡು ಥರದ ಖಾತೆ ಸಿಗ್ತಿತ್ತು. ಬರೀ ಅಕ್ಷರ ಕಾಣಿಸೋ ಶೆಲ್ ಅಕೌಂಟ್ ಅಗ್ಗ. ಚಿತ್ರ ಸಮೇತ ಪುಟ ನೋಡಬೇಕಂದ್ರೆ ಇನ್ನೊಂದು ಖಾತೆ, ಅದು ದುಬಾರಿ. ಚಿತ್ರ ಬೇಕಾದವರು ಜಾಸ್ತಿ ದುಡ್ಡು ಕೊಡ್ತಿದ್ರು, ಬೇಡವಾದವರು ಉಳಿಸ್ತಿದ್ರು. ಪುಟದ ತೂಕಕ್ಕೆ ಒಂದು ಬೆಲೆ ಇದೆ ಅನ್ನೋದು ರಸೀದಿಯಲ್ಲೇ ಕಾಣ್ತಿತ್ತು.

ಇಲ್ಲಿಂದ ಮುಂದೆ, ಕಂಪನಿಗಳು ಶೋಕಿಗೆ ಪುಟ ದಪ್ಪ ಮಾಡಿದವು ಅಂತ ನಾನು ಅಂದುಕೊಂಡಿದ್ದೆ. ಓದಿ ನೋಡಿದರೆ ಕಥೆ ಉಲ್ಟಾ ಇದೆ.

ಸಾದಾ ಎಚ್‌ಟಿಎಂಎಲ್ ಪುಟಕ್ಕೆ ಒಂದು ದೊಡ್ಡ ದೋಷ ಇತ್ತು. ಏನೇ ಒತ್ತಿದರೂ ಇಡೀ ಪುಟ ಮತ್ತೆ ಬರಬೇಕು. ಒಂದು ಮೇಲ್ ತೆರೆದರೆ ಮೇಲಿನ ಪಟ್ಟಿ, ಪಕ್ಕದ ಪಟ್ಟಿ ಎಲ್ಲ ಹೊಸದಾಗಿ ಇಳೀಬೇಕು. ಇದನ್ನು ತಪ್ಪಿಸೋಕೆ ಮೈಕ್ರೋಸಾಫ್ಟ್‌ನ ಔಟ್‌ಲುಕ್ ವೆಬ್ ತಂಡ ಒಂದು ದಾರಿ ಹುಡುಕಿತು: ಪುಟ ಹಾಗೇ ಇರಲಿ, ಬದಲಾಗಿದ್ದಷ್ಟನ್ನು ಮಾತ್ರ ಹಿನ್ನೆಲೆಯಲ್ಲಿ ತರೋಣ. 1999ರಲ್ಲಿ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂತು. ಇದೇ ಉಪಾಯದ ಮೇಲೆ 2004ರ ಏಪ್ರಿಲ್ 1ಕ್ಕೆ ಜಿಮೇಲ್, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದವು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ ಅಜಾಕ್ಸ್ ಅಂತ ಹೆಸರಿಟ್ಟರು.

ಅಂದ್ರೆ ಈ ಉಪಾಯದ ಮೂಲದಲ್ಲಿ ಇದ್ದಿದ್ದು ಉಳಿತಾಯ! ಹಾಗಾದ್ರೆ ಎಡವಟ್ಟಾಗಿದ್ದು ಎಲ್ಲಿ?

ಇಲ್ಲಿ ನಮ್ಮ ಕಾಮರ್ಸ್ ಕ್ಲಾಸಿಗೆ ಬನ್ನಿ. ಫಿಕ್ಸೆಡ್ ಕಾಸ್ಟ್, ವೇರಿಯಬಲ್ ಕಾಸ್ಟ್ ನೆನಪಿದೆಯಲ್ಲ? ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಸಾದಾ ಪುಟದಲ್ಲಿ ಪ್ರತಿ ಕ್ಲಿಕ್ಕಿಗೆ 40 ಕೆಬಿ. ಬೆಡಗಿನ ಪುಟದಲ್ಲಿ ಮೊದಲೇ 1,000 ಕೆಬಿ ಪ್ರೋಗ್ರಾಂ ಇಳಿಸಿಕೊಳ್ಳಬೇಕು, ಆಮೇಲೆ ಪ್ರತಿ ಕ್ಲಿಕ್ಕಿಗೆ 5 ಕೆಬಿ ಸಾಕು. ಕ್ಲಿಕ್ಕಿಗೆ 35 ಕೆಬಿ ಉಳಿತಾಯ. 1,000ವನ್ನು 35ರಿಂದ ಭಾಗಿಸಿ: 29ನೇ ಕ್ಲಿಕ್ಕಿಗೆ ಬ್ರೇಕ್ ಈವನ್.

ಆಫೀಸಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮೇಲ್ ತೆರೆದಿಟ್ಟುಕೊಂಡವರಿಗೆ ಇದು ಲಾಭ. ದಿನಾ ಹಾಲು ಬೇಕಾದವರು ಹಸು ಕಟ್ಟೋದರಲ್ಲಿ ಅರ್ಥ ಇದೆ. ವರ್ಷಕ್ಕೊಮ್ಮೆ ಅರ್ಜಿ ತುಂಬೋ ನನ್ನ ತಂಗಿಗೆ ಬೇಕಿದ್ದು ಒಂದು ಲೋಟ ಹಾಲು. ಅವಳ ಕೈಗೂ ಹಸುವಿನ ಹಗ್ಗ ಕೊಟ್ಟುಬಿಟ್ಟರು.

ಒಮ್ಮೆ ಇಳಿದ ಪ್ರೋಗ್ರಾಂ ಫೋನಿನಲ್ಲೇ ಉಳಿಯುತ್ತಲ್ಲ ಅಂತ ನೀವು ಕೇಳಬಹುದು. ಉಳಿಯುತ್ತೆ, ನಿಜ. ಆದ್ರೆ ಕಂಪನಿ ಹೊಸ ಆವೃತ್ತಿ ಬಿಟ್ಟಾಗ ಬದಲಾದ ಫೈಲ್‌ಗಳನ್ನೆಲ್ಲ ಮತ್ತೆ ಇಳಿಸಬೇಕು. ಈಗ ಹಲವು ಕಡೆ ವಾರ ವಾರವೂ ಬದಲಾವಣೆ ಆಗುತ್ತೆ. ಒಂದೇ ಸಲದ ಖರ್ಚು ಅಂತ ಹೇಳಿದ್ದು ಬಾಡಿಗೆ ಥರ ತಿರುಗಿ ತಿರುಗಿ ಬರುತ್ತೆ.

ಈ ಖರ್ಚು ಕೊಡೋಕಾಗದೆ ಹೊರಗೆ ನಿಂತವರು ಕಂಪನಿಯ ಲೆಕ್ಕದಲ್ಲಿ ಕಾಣೋದೇ ಇಲ್ಲ. ಯೂಟ್ಯೂಬ್‌ನಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಝಕರಿಯಾಸ್ 2012ರಲ್ಲಿ ಬರೆದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ ವಿಡಿಯೋ ಪುಟದ ತೂಕ, ವಿಡಿಯೋ ಬಿಟ್ಟು, 1.2 ಎಂಬಿ ಆಗಿತ್ತು. ಅವರು ಅದನ್ನು 98 ಕೆಬಿಗೆ ಇಳಿಸಿ, ಫೆದರ್ ಅಂತ ಹೆಸರಿಟ್ಟು ಒಂದಷ್ಟು ಜನಕ್ಕೆ ಬಿಟ್ಟರು. ಫಲಿತಾಂಶ ನೋಡಿದರೆ ಪುಟ ತೆರೆಯುವ ಸರಾಸರಿ ಸಮಯ ಜಾಸ್ತಿ ಆಗಿತ್ತು! ಕಾರಣ ಆಮೇಲೆ ಗೊತ್ತಾಯ್ತು. ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕದಂಥ ಕಡೆ ನಿಧಾನ ಸಂಪರ್ಕ ಇದ್ದವರು ಅಲ್ಲಿಯವರೆಗೆ ಪುಟ ತೆರೆಯೋಕೆ 20 ನಿಮಿಷಕ್ಕಿಂತ ಹೆಚ್ಚು ಕಾಯಬೇಕಿತ್ತು, ಹಾಗಾಗಿ ಬರುತ್ತಲೇ ಇರಲಿಲ್ಲ. ಎರಡು ನಿಮಿಷಕ್ಕೆ ಇಳಿದ ಕೂಡಲೇ ಬಂದರು. ಅವರು ಬಂದಿದ್ದಕ್ಕೇ ಸರಾಸರಿ ಏರಿತು.

ಈಗ ನಮ್ಮ ಜಗಲಿಗೆ ವಾಪಸ್ ಬರೋಣ. ವೆಬ್ ಪುಟಗಳ ತೂಕ ಅಳೆಯುವ ಎಚ್‌ಟಿಟಿಪಿ ಆರ್ಕೈವ್‌ನ 2024ರ ಲೆಕ್ಕದ ಪ್ರಕಾರ, ಮೊಬೈಲ್ ಪುಟಗಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರೋ ಪುಟದ ತೂಕ ಸುಮಾರು 2.3 ಎಂಬಿ. ದಿನದ ಡೇಟಾ ಮುಗಿದ ಮೇಲೆ ನಮಗೆ ಸಾಮಾನ್ಯವಾಗಿ ಸಿಗೋದು 64 ಕೆಬಿಪಿಎಸ್, ಅಂದ್ರೆ ಸೆಕೆಂಡಿಗೆ 8 ಕೆಬಿ. ಅಂಥ ಒಂದು ಪುಟಕ್ಕೆ ಹೆಚ್ಚುಕಡಿಮೆ ಐದು ನಿಮಿಷ. ಅದೂ ಸಿಗ್ನಲ್ ಒಂದೇ ಸಮ ಇದ್ದರೆ.

ಕನ್ನಡದ ಅಕ್ಷರ ಭಾರ ಅಂತೀರಾ? ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ, ಗುಣಿತದ ಒಂದೊಂದು ಚಿಹ್ನೆಗೆ 3 ಬೈಟ್. ಆದರೂ ನೀವೀಗ ಓದ್ತಿರೋ ಈ ಇಡೀ ಬರಹದ ಅಕ್ಷರಗಳೆಲ್ಲ ಸೇರಿ 20 ಕೆಬಿ ಆಸುಪಾಸು. 64 ಕೆಬಿಪಿಎಸ್‌ನಲ್ಲೂ ಮೂರು ಸೆಕೆಂಡಿನ ಕೆಲಸ.

ಜಿಮೇಲ್‌ನಲ್ಲಿ ನಿಧಾನ ಸಂಪರ್ಕದವರಿಗೆ ಅಂತ ಸಾದಾ ಎಚ್‌ಟಿಎಂಎಲ್ ನೋಟ ಒಂದಿತ್ತು. 2024ರ ಆರಂಭದಲ್ಲಿ ಗೂಗಲ್ ಅದನ್ನೂ ನಿಲ್ಲಿಸಿತು. 1995ರಲ್ಲಿ ದುಬಾರಿ ಖಾತೆಯ ಪಕ್ಕ ಅಗ್ಗದ್ದೂ ಇತ್ತು, ಆಯ್ಕೆ ನಮ್ಮದಿತ್ತು. ಈಗ ಆ ಆಯ್ಕೆಯನ್ನು ಪುಟ ಮಾಡುವವರೇ ಮಾಡಿಬಿಡ್ತಾರೆ, ಬಿಲ್ಲು ಮಾತ್ರ ನಮಗೆ ಬರುತ್ತೆ.

ಬೆಡಗಿನ ಪುಟ ಬೇಡ ಅಂತ ನಾನು ಹೇಳ್ತಿಲ್ಲ. ಮ್ಯಾಪ್ ಇಲ್ಲದೆ ನನಗೂ ಬೆಂಗಳೂರಿನಲ್ಲಿ ದಾರಿ ಸಿಗಲ್ಲ. ಆದ್ರೆ ಅರ್ಜಿ, ಫಲಿತಾಂಶ, ಬಸ್ ವೇಳಾಪಟ್ಟಿ, ಇಂಥವನ್ನು ಮಾಡುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಬಂದವರು ಇಲ್ಲಿ ಎಷ್ಟು ಸಲ ಕ್ಲಿಕ್ ಮಾಡ್ತಾರೆ? ಉತ್ತರ ಎರಡೋ ಮೂರೋ ಆದ್ರೆ ಲೋಟದಲ್ಲಿ ಹಾಲು ಕೊಟ್ಟು ಕಳಿಸಿ.

ತಂಗಿಯ ಅರ್ಜಿ ಅವತ್ತು ಸಂಜೆಯೊಳಗೆ ಹೋಯ್ತು. ಬಸ್ಸಿಗೆ, ಸೈಬರ್ ಸೆಂಟರಿಗೆ ಕೊಟ್ಟ ದುಡ್ಡನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಅಪ್ಪ ಬರೆದಿಟ್ಟಿದ್ದಾರೆ. ಆ ಪುಟ ಮಾಡಿದವರ ಪುಸ್ತಕದಲ್ಲಿ ಅದು ಎಲ್ಲೂ ಇಲ್ಲ.