ಗಾಂಧಿ ಚಿತ್ರದ ಗಲ್ಲಾಪೆಟ್ಟಿಗೆ

ಮೊನ್ನೆ ತರಗತಿಯಲ್ಲಿ ಆತ್ಮಕಥೆಯೆಂಬ ಸಾಹಿತ್ಯಪ್ರಕಾರದ ಪಾಠ ನಡೆಯುತ್ತಿತ್ತು. ಗಾಂಧೀಜಿಯವರ ಪ್ರಸ್ತಾಪ ಬಂದೊಡನೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಗಾಂಧಿ ಸಿನಿಮಾ ಎಷ್ಟು ಕಲೆಕ್ಷನ್ ಮಾಡಿತು?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಕ್ಷಣಕಾಲ ನನಗೆ ಮುನಿಸು ಬಂದುದೂ ನಿಜ. ಆದರೆ ಮನೆಗೆ ಬರುವ ದಾರಿಯಲ್ಲಿ ಯೋಚಿಸಿದಾಗ ಪ್ರಶ್ನೆ ಅಷ್ಟೇನೂ ಅಸಂಬದ್ಧವಲ್ಲವೆನಿಸಿತು. ವಿದ್ಯಾರ್ಥಿಯಾಗಿ ಲಂಡನ್ನಿನಲ್ಲಿದ್ದಾಗ ಬಂಡಿಯ ಬಾಡಿಗೆ, ಅಂಚೆಯ ಖರ್ಚು ಎಲ್ಲವನ್ನೂ ಬರೆದಿಟ್ಟು, ಮಲಗುವ ಮುನ್ನ ಲೆಕ್ಕವನ್ನು ಸರಿದೂಗಿಸುತ್ತಿದ್ದ ಮಹಾನುಭಾವರ ವಿಷಯದಲ್ಲಿ ಲೆಕ್ಕ ಕೇಳುವುದು ತಪ್ಪೆನ್ನುವುದು ಹೇಗೆ?

ಉತ್ತರವೇನೋ ಸುಲಭ. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರ 1982ರ ಕೊನೆಯಲ್ಲಿ ತೆರೆಕಂಡಿತು. ಅದಕ್ಕೆ ಆದ ವೆಚ್ಚ ಸುಮಾರು 2 ಕೋಟಿ 20 ಲಕ್ಷ ಡಾಲರು. ಅಮೆರಿಕ ಮತ್ತು ಕೆನಡಾಗಳಲ್ಲಿ ಅದು ಗಳಿಸಿದ್ದು 5 ಕೋಟಿ 27 ಲಕ್ಷ ಡಾಲರಿಗಿಂತ ಹೆಚ್ಚು. ಪ್ರಪಂಚದ ಉಳಿದ ಭಾಗಗಳಲ್ಲಿ ಸುಮಾರು ಏಳೂವರೆ ಕೋಟಿ. ಒಟ್ಟು 12 ಕೋಟಿ 78 ಲಕ್ಷದಷ್ಟಾಯಿತು. ಆಗ ಡಾಲರಿಗೆ ಹತ್ತು ರೂಪಾಯಿಯ ಆಸುಪಾಸಿನ ಬೆಲೆ. ನೂರಿಪ್ಪತ್ತು ಕೋಟಿ ರೂಪಾಯಿಗೂ ಮಿಕ್ಕ ಹಣವೆಂದು ವಾಚಕರೇ ಮನಸ್ಸಿನಲ್ಲಿ ಗುಣಿಸಿಕೊಳ್ಳಬಹುದು.

ಆದರೆ ಇದು ಗಲ್ಲಾಪೆಟ್ಟಿಗೆಗೆ ಬಿದ್ದ ಹಣ, ಚಿತ್ರ ತೆಗೆದವರ ಕೈ ಸೇರಿದ ಹಣವಲ್ಲ. ಪತ್ರಿಕೆಗಳಲ್ಲಿ ಇಂಥ ಅಂಕಿಗಳನ್ನು ಓದುವ ನಾವು ಈ ಭೇದವನ್ನು ಮರೆಯುವುದೇ ಹೆಚ್ಚು. ಟಿಕೆಟಿನ ಹಣದಲ್ಲಿ ಚಿತ್ರಮಂದಿರದವರು ಮೊದಲು ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರೆ. ಉಳಿದುದರಲ್ಲಿ ಹಂಚಿಕೆದಾರರು ತಮ್ಮ ದಲ್ಲಾಳಿಯನ್ನೂ, ಪ್ರತಿಗಳನ್ನು ಅಚ್ಚು ಹಾಕಿಸಿದ, ಜಾಹೀರಾತು ಕೊಟ್ಟ ಖರ್ಚನ್ನೂ ಹಿಡಿದುಕೊಳ್ಳುತ್ತಾರೆ. ಇಷ್ಟೂ ಕಳೆದ ಮೇಲೆ ಬಂಡವಾಳ ಹೂಡಿದವರ ಸರದಿ. ರಾಶಿ ಮಾಡಿದ ಕಣದಲ್ಲಿ ಆಯಗಾರರಿಗೆಲ್ಲ ಮೊರದಲ್ಲಿ ಅಳೆದುಕೊಟ್ಟು, ಕೊನೆಗೆ ಉಳಿದುದನ್ನು ರೈತ ಮನೆಗೆ ಒಯ್ಯುತ್ತಿದ್ದನಲ್ಲ, ಹೆಚ್ಚುಕಡಮೆ ಅದೇ ಕ್ರಮ.

ಅದಿರಲಿ. ಈ ಚಿತ್ರದ ಗಳಿಕೆಗಿಂತ ಸ್ವಾರಸ್ಯವಾದುದು ಅದರ ಬಂಡವಾಳದ ಕಥೆ. 1962ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ಕೆಲಸಕ್ಕಿದ್ದ ಮೋತೀಲಾಲ್ ಕೊಠಾರಿಯೆಂಬ ಗಾಂಧೀಭಕ್ತರು ಅಟೆನ್‌ಬರೋ ಅವರಿಗೆ ಫೋನ್ ಮಾಡಿ, ಗಾಂಧೀಜಿಯವರ ಬಗ್ಗೆ ಚಿತ್ರ ತೆಗೆಯಬೇಕೆಂದು ಕೇಳಿಕೊಂಡರು. ಅಟೆನ್‌ಬರೋ ಆಗ ನಟರೆಂದು ಹೆಸರಾದವರು. ಒಂದು ಚಿತ್ರವನ್ನೂ ನಿರ್ದೇಶಿಸಿದವರಲ್ಲ. ಲೂಯಿ ಫಿಷರರು ಬರೆದ ಜೀವನಚರಿತ್ರೆಯನ್ನು ಓದಿ ಅವರ ಮನಸ್ಸು ಸೋತಿತು. ಮರುವರ್ಷ ದೆಹಲಿಗೆ ಬಂದು ನೆಹರೂ ಅವರನ್ನು ಕಂಡರು. ಗಾಂಧಿಯವರನ್ನು ದೇವರನ್ನಾಗಿ ಮಾಡಬೇಡಿ ಎಂಬುದು ನೆಹರೂ ಕೊಟ್ಟ ಬುದ್ಧಿವಾದ. 1964ರಲ್ಲಿ ನೆಹರೂ ತೀರಿಕೊಂಡರು. 1970ರಲ್ಲಿ ಕೊಠಾರಿಯವರೂ ತೀರಿಕೊಂಡರು. ಚಿತ್ರ ಮಾತ್ರ ಕಾಗದದ ಮೇಲೆಯೇ ಉಳಿದಿತ್ತು.

ಇಷ್ಟು ತಡವಾಗಲು ಕಾರಣ ಒಂದೇ, ಹಣ. ಹಾಲಿವುಡ್ಡಿನ ಸಾಹುಕಾರರ ಬಾಗಿಲುಗಳನ್ನು ಅಟೆನ್‌ಬರೋ ಒಂದೊಂದಾಗಿ ತಟ್ಟಿದರು. ಮೈಮೇಲೆ ತುಂಡುಬಟ್ಟೆ ಸುತ್ತಿ ಕೋಲೂರಿಕೊಂಡು ನಡೆಯುವ ಕಂದುಬಣ್ಣದ ಮನುಷ್ಯನೊಬ್ಬನನ್ನು ನೋಡಲು ದುಡ್ಡು ಕೊಟ್ಟು ಯಾರು ಬರುತ್ತಾರೆ ಎಂಬ ಧಾಟಿಯಲ್ಲಿ ಉತ್ತರ ದೊರೆಯಿತು. ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಲಂಡನ್ನಿನಲ್ಲಿ ಆರಂಭವಾದಾಗ ಅಟೆನ್‌ಬರೋ ಮತ್ತು ಅವರ ಪತ್ನಿ ಅದರ ಮೊದಲ ತಂಡದಲ್ಲಿದ್ದರು. ಲಾಭದಲ್ಲಿ ಅವರಿಗೆ ಪಾಲೂ ಇತ್ತು. ದಶಕಗಳ ಕಾಲ ನಿಲ್ಲದೆ ನಡೆದ ಆ ನಾಟಕದ ಪಾಲೆಂದರೆ ಕಲ್ಪವೃಕ್ಷವೇ ಸರಿ. ಅದರಲ್ಲಿ ಉಳಿದಿದ್ದ ಭಾಗವನ್ನೂ ಈ ಚಿತ್ರದ ಕೆಲಸ ನಿಲ್ಲದಿರಲೆಂದು ಅವರು ಮಾರಿಬಿಟ್ಟರು. ಪರದೇಶದವನೊಬ್ಬ ನಮ್ಮ ಬಾಪುವಿಗಾಗಿ ಇಷ್ಟು ಮಾಡಿದನಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಕೊನೆಗೆ ಹಣ ಕೂಡಿದ್ದು ಎರಡು ಕಡೆಯಿಂದ. ಬ್ರಿಟನ್ನಿನ ಗೋಲ್ಡ್‌ಕ್ರೆಸ್ಟ್ ಮೊದಲಾದ ಸಂಸ್ಥೆಗಳು ಒಂದು ಕಡೆ. ನಮ್ಮ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮ ಇನ್ನೊಂದು ಕಡೆ. ಇಂದಿರಾ ಗಾಂಧಿಯವರ ಸರ್ಕಾರದ ಒಪ್ಪಿಗೆಯಿಂದ ನಿಗಮವು ಕೋಟಿಗಳ ಲೆಕ್ಕದಲ್ಲಿ ದೊಡ್ಡದೊಂದು ಪಾಲನ್ನು ಹೂಡಿತು. ದೇಶದಲ್ಲಿ ಗದ್ದಲವೆದ್ದಿತು. ಸಣ್ಣ ಬಂಡವಾಳದ ಚಿತ್ರಗಳಿಗೆಂದು ಇರುವ ಹಣವನ್ನು ಆಂಗ್ಲನೊಬ್ಬನ ಕೈಗೆ ಸುರಿಯುವುದೇ ಎಂದು ನಮ್ಮ ಚಿತ್ರನಿರ್ಮಾಪಕರು ಕೇಳಿದರು. ಈ ಆಕ್ಷೇಪವನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿರಲಿಲ್ಲ. ಕನ್ನಡದ ‘ಸಂಸ್ಕಾರ’ 1970ರಲ್ಲಿ ತೆರೆಗೆ ಬಂದದ್ದು ಸುಮಾರು ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ. ಹಾಗಿರುವಾಗ ಅಷ್ಟು ಕೋಟಿಗಳಲ್ಲಿ ಎಷ್ಟು ಚಿತ್ರಗಳಾಗಬಹುದಿತ್ತೆಂದು ಎಣಿಸಿದವರನ್ನು ದೂರುವಂತಿಲ್ಲ. ಆದರೂ, ಹಾಲಿವುಡ್ಡು ಹಿಂಜರಿದಲ್ಲಿ ನಮ್ಮ ಬೊಕ್ಕಸ ಮುಂದೆ ಬಾರದಿದ್ದರೆ ಈ ಚಿತ್ರ ಆಗುತ್ತಲೇ ಇರಲಿಲ್ಲವೆಂಬುದು ನನ್ನ ಎಣಿಕೆ.

1980ರ ನವೆಂಬರಿನಲ್ಲಿ ಚಿತ್ರೀಕರಣ ಮೊದಲಾಯಿತು. ಗಾಂಧೀಜಿಯವರ ಅಂತ್ಯಯಾತ್ರೆ ನಡೆದದ್ದು 1948ರ ಜನವರಿ 31ರಂದು. ಅದಾಗಿ ಮೂವತ್ತಮೂರು ವರ್ಷಕ್ಕೆ ಸರಿಯಾಗಿ, 1981ರ ಅದೇ ದಿನ ದೆಹಲಿಯ ರಾಜಪಥದಲ್ಲಿ ಆ ದೃಶ್ಯವನ್ನು ಹನ್ನೊಂದು ಕ್ಯಾಮರಾಗಳಿಂದ ಹಿಡಿದರು. ನೆರೆದವರು ಮೂರು ಲಕ್ಷ ಜನ. ಅವರಲ್ಲಿ ಅಲ್ಪಸ್ವಲ್ಪ ಕೂಲಿ ಪಡೆದವರು ತೊಂಬತ್ತನಾಲ್ಕು ಸಾವಿರದಷ್ಟು. ಉಳಿದ ಎರಡು ಲಕ್ಷ ಜನ ತಾವಾಗಿಯೇ ಬಂದವರು. ಕಂಪ್ಯೂಟರಿನಿಂದ ಜನಸಾಗರ ಸೃಷ್ಟಿಸುವ ಇಂದಿನ ಕಾಲವಲ್ಲ ಅದು. ತೆರೆಯ ಮೇಲೆ ಎರಡು ನಿಮಿಷ ಚಿಲ್ಲರೆ ಕಾಣುವ ದೃಶ್ಯಕ್ಕಾಗಿ ಎರಡು ಲಕ್ಷ ಜನ ಒಂದು ಬೆಳಗ್ಗೆಯನ್ನು ಪುಕ್ಕಟೆ ಕೊಟ್ಟರು. ಆ ಕೊಡುಗೆಯನ್ನು ಯಾವ ಕಂಪೆನಿಯ ಖಾತೆಯಲ್ಲಿ ಜಮಾ ಮಾಡಬೇಕೋ ತಿಳಿಯೆ.

1982ರ ನವೆಂಬರ್ 30ರಂದು ದೆಹಲಿಯಲ್ಲಿ ಮೊದಲ ಪ್ರದರ್ಶನ. ಅದಾದ ಕೆಲವೇ ದಿನಗಳಲ್ಲಿ ಲಂಡನ್ನು, ಅನಂತರ ಅಮೆರಿಕ. ಅಮೆರಿಕ-ಕೆನಡಾಗಳಲ್ಲಿ ಮೊದಲು ಸಿಕ್ಕಿದ್ದು ನಾಲ್ಕೇ ಚಿತ್ರಮಂದಿರಗಳು. ಮೂರು ಗಂಟೆಗೂ ಮಿಕ್ಕ ಚಿತ್ರವಾದ್ದರಿಂದ ದಿನಕ್ಕೆ ಮೂರು ಆಟಗಳಿಗಿಂತ ಹೆಚ್ಚು ಸಾಧ್ಯವಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ನಷ್ಟದ ಬಾಬು. ಚಿತ್ರ ಗಿಡ್ಡವಾಗಿದ್ದರೆ ಆಟಗಳು ಹೆಚ್ಚಿ ಹಣವೂ ಹೆಚ್ಚುತ್ತದೆ. ಆದರೂ ಆ ವರ್ಷ ಅಲ್ಲಿ ಹೆಚ್ಚು ಗಳಿಸಿದ ಚಿತ್ರಗಳ ಸಾಲಿನಲ್ಲಿ ಇದು ಹನ್ನೆರಡನೆಯದಾಯಿತು. ಅದೇ ವರ್ಷದ ‘ಇ.ಟಿ.’ ಚಿತ್ರದ ಗಳಿಕೆ ಇದರ ಆರು ಪಟ್ಟಿಗೂ ಹೆಚ್ಚು. ಮಾರನೆಯ ಏಪ್ರಿಲಿನಲ್ಲಿ ಎಂಟು ಆಸ್ಕರುಗಳನ್ನು ಪಡೆದದ್ದು ಮಾತ್ರ ‘ಗಾಂಧಿ’. ಅದರಲ್ಲೊಂದು ವಸ್ತ್ರವಿನ್ಯಾಸಕ್ಕಾಗಿ ನಮ್ಮ ಭಾನು ಅಥೈಯಾ ಅವರ ಪಾಲಿಗೂ ಬಂತು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಭಾರತದಲ್ಲಿ ಹಿಂದಿ ಮಾತುಗಳನ್ನು ಕೂಡಿಸಿದ ಪ್ರತಿಯೂ ತಿರುಗಿತು. ದೆಹಲಿ, ಮುಂಬಯಿಗಳಲ್ಲಿ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು.

ಅಮೆರಿಕದಲ್ಲಿ ಹಂಚಿಕೆ ವಹಿಸಿಕೊಂಡದ್ದು ಕೊಲಂಬಿಯಾ ಸಂಸ್ಥೆ. ಆ ಸಂಸ್ಥೆಯನ್ನು ಅದೇ 1982ರಲ್ಲಿ ಕೊಂಡದ್ದು ಕೋಕಾ-ಕೋಲಾ ಕಂಪೆನಿ. 1977ರಲ್ಲಿ ಭಾರತದಿಂದ ಗಂಟುಮೂಟೆ ಕಟ್ಟಿದ್ದ ಅದೇ ಕಂಪೆನಿ! ಸ್ವದೇಶಿಯ ಮಂತ್ರ ಹೇಳಿಕೊಟ್ಟವರ ಕಥೆ ಸೋಡಾ ಮಾರುವವರ ಕೈಯಿಂದ ಅಮೆರಿಕನ್ನರಿಗೆ ತಲುಪಿತು. ಗಾಂಧೀಜಿಯವರಿದ್ದಿದ್ದರೆ ಬೊಚ್ಚುಬಾಯಿ ತೆರೆದು ನಕ್ಕುಬಿಡುತ್ತಿದ್ದರೇನೋ.

ನಗಲಾಗದ ಸಂಗತಿಯೂ ಒಂದುಂಟು. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ತರುಣ ವಕೀಲರನ್ನು ರೈಲಿನಿಂದ ಹೊರದಬ್ಬಿದರಷ್ಟೆ. ತೊಂಬತ್ತು ವರ್ಷಗಳ ಮೇಲೆ, 1983ರಲ್ಲಿ, ಆ ದೃಶ್ಯವಿರುವ ಚಿತ್ರ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಲ್ಲಿ ಬಿಳಿಯರಿಗೆ ಒಂದು ಚಿತ್ರಮಂದಿರ, ಮಿಕ್ಕವರಿಗೆ ಇನ್ನೊಂದು. ಉದ್ಘಾಟನೆಯ ಪ್ರದರ್ಶನಕ್ಕೂ ಅದೇ ಕಟ್ಟುಪಾಡೆಂದು ತಿಳಿದು ಪ್ರತಿಭಟನೆ ಎದ್ದಾಗ ಅಟೆನ್‌ಬರೋ ತಮ್ಮ ಪ್ರಯಾಣವನ್ನೇ ಕೈಬಿಟ್ಟರು. ಹೊರದೇಶಗಳ ಗಳಿಕೆಯೆಂದು ಒಂದೇ ಸಾಲಿನಲ್ಲಿ ಬರೆದ ಏಳೂವರೆ ಕೋಟಿಯೊಳಗೆ ಯಾರು ಯಾವ ಬಾಗಿಲಿನಿಂದ ಒಳಹೊಕ್ಕರೆಂಬ ವಿವರ ಕಾಣದು.

ಲಾಭದ ವಿಷಯಕ್ಕೆ ಬರೋಣ. ಗೋಲ್ಡ್‌ಕ್ರೆಸ್ಟ್ ಹೂಡಿದ್ದು 50 ಲಕ್ಷ 76 ಸಾವಿರ ಪೌಂಡು. ಮರಳಿ ಪಡೆದದ್ದು 1 ಕೋಟಿ 14 ಲಕ್ಷ 61 ಸಾವಿರ. ಹಾಕಿದ ಹಣದ ಎರಡರಷ್ಟಕ್ಕೂ ಮೀರಿತು. ಈ ಗೆಲುವಿನಿಂದ ಧೈರ್ಯ ತಾಳಿ ಮುಂದೆ ದೊಡ್ಡ ದೊಡ್ಡ ಚಿತ್ರಗಳಿಗೆ ಕೈಹಾಕಿದ ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ಕುಸಿದುದು ಬೇರೆಯೇ ಕಥೆ. ನಮ್ಮ ನಿಗಮದ ಹಣವೂ ಮುಳುಗಲಿಲ್ಲ, ಲಾಭ ಬಂತು. ಗದ್ದಲವೆಬ್ಬಿಸಿದವರ ಬಾಯಿ ಇದರಿಂದ ಮುಚ್ಚಿತೆನ್ನಲಾರೆ, ಮುಚ್ಚಬೇಕಾಗಿಯೂ ಇಲ್ಲ. ಸಣ್ಣ ಚಿತ್ರಗಳಿಗೆ ಹಣ ಸಾಲದೆಂಬ ದೂರು ಅನಂತರವೂ ಉಳಿಯಿತು.

ಗಾಂಧೀಜಿಯವರಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ಹರಿಶ್ಚಂದ್ರ ನಾಟಕ ನೋಡಿ ಕಣ್ಣೀರು ಸುರಿಸಿದವರು, 1927ರಲ್ಲಿ ಸರ್ಕಾರದ ಚಲಚ್ಚಿತ್ರ ಸಮಿತಿ ಅಭಿಪ್ರಾಯ ಕೇಳಿದಾಗ, ತಾನು ಸಿನಿಮಾಕ್ಕೆ ಹೋದವನೇ ಅಲ್ಲವೆಂದೂ ಅದರಿಂದಾಗುವ ಕೇಡು ಎದ್ದು ಕಾಣುತ್ತಿದೆಯೆಂದೂ ತಿಳಿಸಿಬಿಟ್ಟರು. 1944ರಲ್ಲಿ ಜುಹೂವಿನಲ್ಲಿ ವಿಶ್ರಾಂತಿಗೆಂದು ತಂಗಿದ್ದಾಗ ವಿಜಯ್ ಭಟ್ಟರ ‘ರಾಮರಾಜ್ಯ’ವನ್ನು ಒಂದಿಷ್ಟು ನೋಡಿದುದುಂಟು. ಅಂಥವರ ಹೆಸರಿನಲ್ಲಿ ಬಂದ ಹಣ ಎಲ್ಲಿಗೆ ಹೋಯಿತೆಂಬುದನ್ನು ಮರುದಿನ ಆ ಹುಡುಗನಿಗೆ ಹೇಳಿದೆ. ನಿಗಮಕ್ಕೆ ಹೊರದೇಶಗಳಿಂದ ಬಂದ ಲಾಭದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಚಲಚ್ಚಿತ್ರ ಕಲಾವಿದರ ಕ್ಷೇಮನಿಧಿಯನ್ನು ಸ್ಥಾಪಿಸಿದರು. ಒಂದು ಕಾಲಕ್ಕೆ ತೆರೆಯ ಮೇಲೆ ಕಾಣಿಸಿಕೊಂಡು, ಮುಪ್ಪಿನಲ್ಲಿ ಕೈ ಬರಿದಾಗಿ ಕುಳಿತ ಕಲಾವಿದರಿಗೆ ಅದರಿಂದ ಮಾಸಾಶನ ಕೊಡುವ ಏರ್ಪಾಡಾಯಿತು.