ಸಸ್ಯಮೂಲ ಮೇವು ಮತ್ತು ಸಾಕಣೆ ಮೀನಿನ ಸ್ನಾಯು ವಂಶವಾಹಿಗಳು

ಮೀನುಹುಡಿಯ ಬದಲು ಸೋಯಾ, ಮೆಕ್ಕೆಜೋಳ, ಗೋಧಿಯ ಗ್ಲುಟೆನ್, ಬಟಾಣಿಯಂತಹ ಸಸ್ಯ ಪ್ರೋಟೀನು ತಿಂದು ಬೆಳೆಯುವ ಮೀನುಗಳಲ್ಲಿ ಸ್ನಾಯು ಕಟ್ಟುವ, ಕರಗಿಸುವ ವಂಶವಾಹಿಗಳ ಚಟುವಟಿಕೆ ಏರಿಳಿಯುತ್ತದೆ. ಮೇವಿನಿಂದ ವಂಶವಾಹಿಯೇ ಮಾರ್ಪಡುವುದಿಲ್ಲ. ಅದು ಎಷ್ಟು ದುಡಿಯುತ್ತದೆ ಎಂಬುದು ಬದಲಾಗುತ್ತದೆ.

ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಮಾಂಸಾಹಾರಿಗಳಾದ ರೇನ್‌ಬೋ ಟ್ರೌಟ್ ಮತ್ತು ಅಟ್ಲಾಂಟಿಕ್ ಸಾಲ್ಮನ್‌ಗಳ ಮೇಲೆ. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಶೇ 90ರಷ್ಟಿದ್ದ ಸಮುದ್ರಮೂಲ ಪದಾರ್ಥ 2013ರ ಹೊತ್ತಿಗೆ ಶೇ 30ರ ಆಸುಪಾಸಿಗೆ ಇಳಿದಿತ್ತು. ತೌಡು, ಕಡಲೆಕಾಯಿ ಹಿಂಡಿಯಲ್ಲೇ ಬೆಳೆಯುವ ನಮ್ಮ ರೋಹು, ಕಾಟ್ಲಾಗಳಿಗೆ ಸಸ್ಯ ಮೇವಿನ ಪ್ರಶ್ನೆ ಅಷ್ಟು ತೀವ್ರವಲ್ಲ.

ಸಸ್ತನಿಗಳಲ್ಲಿ ಸ್ನಾಯು ಎಳೆಗಳ ಸಂಖ್ಯೆ ಹುಟ್ಟುವ ವೇಳೆಗೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ದೊಡ್ಡ ಗಾತ್ರದ ಮೀನುಗಳಲ್ಲಿ ಹಾಗಲ್ಲ: ಇದ್ದ ಎಳೆಗಳು ದಪ್ಪವಾಗುವುದರ ಜೊತೆಗೆ ಮರಿ ಹಂತ ದಾಟಿದ ಮೇಲೂ ಹೊಸ ಎಳೆಗಳು ಹುಟ್ಟುತ್ತಲೇ ಇರುತ್ತವೆ. ಆದ್ದರಿಂದಲೇ ಮೇವಿನ ಪರಿಣಾಮ ಇಲ್ಲಿ ಹೆಚ್ಚು ಆಳಕ್ಕೆ ಇಳಿಯಬಲ್ಲದು. ಹೊಸ ಎಳೆಗಳ ಹುಟ್ಟನ್ನು ಮಯೋಡಿ, ಮಯೋಜೆನಿನ್ ಮುಂತಾದ ವಂಶವಾಹಿಗಳು ನಡೆಸುತ್ತವೆ, ಮಯೋಸ್ಟಾಟಿನ್ ತಡೆಹಿಡಿಯುತ್ತದೆ. ಪ್ರೋಟೀನು ತಯಾರಿಕೆಗೆ ಐಜಿಎಫ್-1 ಹಾರ್ಮೋನು ಮತ್ತು ಜೀವಕೋಶದೊಳಗಿನ ಟಾರ್ ವ್ಯವಸ್ಥೆ ಚಾಲನೆ ಕೊಡುತ್ತವೆ. ಅಟ್ರೋಜಿನ್-1 ಮತ್ತು ಮರ್ಫ್-1 ಸ್ನಾಯು ಪ್ರೋಟೀನನ್ನು ಒಡೆಯಲು ನೆರವಾಗುತ್ತವೆ.

ತೊಡಕಿನ ಮೂಲ ಬಹುತೇಕ ಅಮೈನೋ ಆಮ್ಲಗಳಲ್ಲಿದೆ. ಸೋಯಾದಲ್ಲಿ ಮೆಥಿಯೊನಿನ್ ಕಡಿಮೆ, ಮೆಕ್ಕೆಜೋಳ ಮತ್ತು ಗೋಧಿಯ ಗ್ಲುಟೆನ್‌ನಲ್ಲಿ ಲೈಸಿನ್ ಕಡಿಮೆ, ಟಾರಿನ್ ಸಸ್ಯಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಮೈನೋ ಆಮ್ಲ ಸಾಲದಾದಾಗ ಟಾರ್ ಮಂದವಾಗುತ್ತದೆ, ಒಡೆಯುವ ವಂಶವಾಹಿಗಳು ಚುರುಕಾಗುತ್ತವೆ. ಟ್ರೌಟ್‌ಗಳ ಕೆಲವು ಪ್ರಯೋಗಗಳಲ್ಲಿ ಬಿಳಿ ಸ್ನಾಯುವಿನ ಎಳೆಗಳು ಸಣ್ಣಗಾಗಿ, ಮಯೋಡಿಯ ಚಟುವಟಿಕೆಯೂ ತಗ್ಗಿದ್ದು ಕಂಡುಬಂದಿದೆ. ಹಾಗೆಂದು ಸಸ್ಯ ಪ್ರೋಟೀನೇ ಸ್ನಾಯುವಿಗೆ ಕೇಡು ಎನ್ನುವುದು ಸರಿಯಲ್ಲ. ಕೊರತೆಯಿರುವ ಆಮ್ಲಗಳನ್ನು ಬೇರೆಯಾಗಿ ಬೆರೆಸಿದರೆ ನಷ್ಟದ ಬಹುಪಾಲು ತುಂಬಿಕೊಳ್ಳಬಹುದು.

ಇನ್ನೊಂದು ಕಾರಣ ಹೊಟ್ಟೆಯದು. ಸೋಯಾ ಹಿಟ್ಟಿನ ಸ್ಯಾಪೊನಿನ್‌ಗಳು ಸಾಲ್ಮನ್‌ನ ಕರುಳಿನ ಹಿಂಭಾಗದಲ್ಲಿ ಉರಿಯೂತ ತರುತ್ತವೆ. ರುಚಿ ಹಿಡಿಸದೆ ಮೀನು ಕಡಿಮೆ ತಿಂದರೂ ಅಟ್ರೋಜಿನ್-1 ಏರುತ್ತದೆ. ತಿಂದ ಪ್ರಮಾಣವನ್ನು ಅಳೆಯದ ಪ್ರಯೋಗ ಹಸಿವಿನ ಪರಿಣಾಮವನ್ನು ಮೇವಿನ ತಲೆಗೆ ಕಟ್ಟಿಬಿಡುವ ಅಪಾಯವಿದೆ. ಟ್ರೌಟ್, ಸಾಲ್ಮನ್‌ಗಳಲ್ಲಿ ಮಯೋಸ್ಟಾಟಿನ್‌ಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿರುವುದರಿಂದ ಒಂದನ್ನೇ ಅಳೆದು ತೀರ್ಮಾನಕ್ಕೆ ಬರುವಂತಿಲ್ಲ.

ಮೇವನ್ನು ತಿದ್ದುವುದಲ್ಲದೆ ತಳಿಯನ್ನೇ ಆರಿಸುವ ದಾರಿಯೂ ಇದೆ. ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಪೂರ್ಣ ಸಸ್ಯಮೂಲ ಮೇವಿನಲ್ಲೂ ಚೆನ್ನಾಗಿ ಬೆಳೆಯುವ ಟ್ರೌಟ್‌ಗಳನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದೆ. ಆ ತಳಿಗಳು ಸಾಮಾನ್ಯ ಟ್ರೌಟ್‌ಗಳಿಗಿಂತ ಈ ಮೇವಿನಲ್ಲಿ ಚೆನ್ನಾಗಿ ಬೆಳೆಯುತ್ತವೆ.